ಟ್ಯಾಟೂ ಹಾಕಿಸ್ಕೊಳ್ಳೋಕೆ ಹಳೇ ಬೀದಿ ಅಂಗಡಿನಾ, ಹೊಸ ಸ್ಟುಡಿಯೋನಾ? ಎರಡೂ ಕಡೆ ಕೂತೆದ್ದ ಮೇಲೆ ಹೇಳ್ತಿರೋದು

ನನ್ನ ಎಡಗೈ ಮೇಲೆ ಎರಡು ಟ್ಯಾಟೂ ಇದೆ, ನಡುವೆ ನಾಲ್ಕು ಬೆರಳಷ್ಟು ಜಾಗ. ಮೊಣಕೈ ಕೆಳಗೆ ಒಂದು ಸ್ವಾಲೋ ಹಕ್ಕಿ, ದಪ್ಪ ಕಪ್ಪು ಗೆರೆ, ಎದೆ ಹತ್ರ ಕೆಂಪು, ರೆಕ್ಕೆ ನೀಲಿ, ಇದಕ್ಕೆ ಈಗ 14 ವರ್ಷ. ಮಣಿಕಟ್ಟಿನ ಹತ್ರ ಕೂದಲೆಳೆ ಥರದ ಗೆರೆಲಿ ಬಿಡಿಸಿರೋ ಒಂದು ಎಲೆಬಳ್ಳಿ, ಇದಕ್ಕೆ 5 ವರ್ಷ. ಯಾವುದು ಹಳೇದು ಹೇಳಿ ಅಂದ್ರೆ ಹೊಸಬರು ಎಲ್ಲರೂ ಬಳ್ಳಿ ಕಡೆನೇ ಕೈ ತೋರಿಸ್ತಾರೆ. ಹಕ್ಕಿಯ ಕಣ್ಣು ಇನ್ನೂ ಒಂದು ಚುಕ್ಕೆಯಾಗೇ ಇದೆ, ಬಳ್ಳಿಯ ಎಲೆಗಳು ಮಾತ್ರ ಅಂಚು ಕಳ್ಕೊಂಡು, ಒದ್ದೆ ಕಾಗದದ ಮೇಲೆ ಇಂಕು ಹರಡಿದ ಹಾಗೆ ಆಗಿದೆ, ಕೊನೇ ಎರಡು ಎಲೆ ಎಲ್ಲಿ ಮುಗಿತು ಅಂತಾನೇ ಗೊತ್ತಾಗಲ್ಲ.

ಹಕ್ಕಿ ಹಾಕಿದ್ದು ಗೋಡೆ ತುಂಬಾ ಡಿಸೈನ್ ಹಾಳೆ ಅಂಟಿಸಿಕೊಂಡಿದ್ದ ಒಂದು ಹಳೇ ಬೀದಿ ಅಂಗಡೀಲಿ. ಬಳ್ಳಿ ಹಾಕಿದ್ದು ಬಿಳಿ ಗೋಡೆ, ಗಿಡದ ಕುಂಡ, ರಿಂಗ್ ಲೈಟ್ ಇದ್ದ ಸ್ಟುಡಿಯೋಲಿ. ಹಾಗಂತ ಹಳೇದೆಲ್ಲ ಚಿನ್ನ, ಹೊಸದೆಲ್ಲ ಕಾಗೆ ಬಂಗಾರ ಅಂತ ಹೇಳೋಕೆ ಇದನ್ನ ಬರೀತಿಲ್ಲ, ಯಾಕಂದ್ರೆ ಅದು ನಿಜ ಅಲ್ಲ. ಆದ್ರೆ ಮೊದಲ ಟ್ಯಾಟೂ ಹಾಕಿಸ್ಕೊಳ್ಳೋರು ಯಾವ ಡಿಸೈನ್ ಅಂತ ತಿಂಗಳುಗಟ್ಟಲೆ ಯೋಚನೆ ಮಾಡ್ತಾರೆ, ಯಾರ ಕೈಲಿ ಅಂತ ಹತ್ತು ನಿಮಿಷಾನೂ ಯೋಚನೆ ಮಾಡಲ್ಲ, ಅದು ನನಗೆ ಬೇಜಾರು ತರಿಸೋ ವಿಷಯ. ಅದಕ್ಕೇ ಈ ಹೋಲಿಕೆ.

ಮೊದಲು ಒಂದು ತಪ್ಪು ತಿಳುವಳಿಕೆ

ಟ್ಯಾಟೂ ಮೊದಲು ಖೈದಿಗಳದ್ದು, ನಾವಿಕರದ್ದು, ರೌಡಿಗಳದ್ದು, ಸಮಾಜದಿಂದ ಹೊರಗಿದ್ದವರದ್ದು ಆಗಿತ್ತು, ಈಗ ದುಡ್ಡಿನ ವ್ಯಾಪಾರ ಆಗಿಬಿಟ್ಟಿದೆ ಅಂತ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ಆಲ್ಪ್ಸ್ ಬೆಟ್ಟದ ಹಿಮದಲ್ಲಿ 1991ರಲ್ಲಿ ಸಿಕ್ಕ ಓಟ್ಸಿ ಅನ್ನೋ ಮನುಷ್ಯನ ದೇಹಕ್ಕೆ ಸುಮಾರು 5300 ವರ್ಷ, ಮೈಮೇಲೆ 61 ಗುರುತು, ಎಲ್ಲಾ ಗೆರೆಗಳು ಮತ್ತು ಅಡ್ಡಗೀಟುಗಳು. ಸಮೋವಾ, ತಾಹಿತಿ, ನ್ಯೂಜಿಲೆಂಡ್ ಕಡೆ ಟ್ಯಾಟೂ ಇದ್ದವರು ಹೊರಗಿನವರಲ್ಲ, ಅವರೇ ಸಮಾಜದ ನಡುಮಧ್ಯದವರು. 'ಟ್ಯಾಟೂ' ಅನ್ನೋ ಪದಾನೇ 'ತತಾವ್' ಅನ್ನೋ ಪಾಲಿನೇಷಿಯಾದ ಪದದಿಂದ ಬಂದಿದ್ದು, 1769ರಲ್ಲಿ ಕ್ಯಾಪ್ಟನ್ ಕುಕ್ ಹಡಗು ತಾಹಿತಿಗೆ ಹೋದಾಗ ಇಂಗ್ಲಿಷಿನವರ ಕಿವಿಗೆ ಬಿತ್ತು. ಬ್ರಿಟನ್ನಿನ ರಾಜ ಏಳನೇ ಎಡ್ವರ್ಡ್ ಇನ್ನೂ ರಾಜಕುಮಾರ ಆಗಿದ್ದಾಗ 1862ರಲ್ಲಿ ಜೆರುಸಲೇಮಿನಲ್ಲಿ ಶಿಲುಬೆ ಹಾಕಿಸ್ಕೊಂಡಿದ್ದ, ಅವನ ಮಗ ಐದನೇ ಜಾರ್ಜ್ 1881ರಲ್ಲಿ ಜಪಾನಿಗೆ ಹೋದಾಗ ಕೈ ಮೇಲೆ ಡ್ರ್ಯಾಗನ್ ಹಾಕಿಸ್ಕೊಂಡ. ಇವರನ್ನ ಯಾರು ಸಮಾಜದ ಹೊರಗಿನವರು ಅಂತಾರೆ?

ಹೊರಗೆ ತಳ್ಳಿದ್ದು ಆಮೇಲೆ, ಬಹುಪಾಲು ಸರ್ಕಾರಗಳು. ಜಪಾನಿನಲ್ಲಿ ಎಡೋ ಕಾಲದಲ್ಲಿ (1603ರಿಂದ 1868) ಅಪರಾಧಿಗಳಿಗೆ ಕೈ ಮೇಲೆ, ಹಣೆ ಮೇಲೆ ಶಿಕ್ಷೆಯಾಗಿ ಹಚ್ಚೆ ಹಾಕ್ತಿದ್ರು, 1872ರಲ್ಲಿ ಟ್ಯಾಟೂನೇ ನಿಷೇಧ ಆಯ್ತು, 1948ರವರೆಗೂ ಆ ನಿಷೇಧ ಇತ್ತು. ನ್ಯೂಯಾರ್ಕ್ ನಗರದಲ್ಲಿ ಹೆಪಟೈಟಿಸ್ ಬಿ ಹರಡ್ತಿದೆ ಅಂತ 1961ರಲ್ಲಿ ಅಂಗಡಿಗಳನ್ನ ಮುಚ್ಚಿಸಿದ್ರು, ಮತ್ತೆ ಅನುಮತಿ ಸಿಕ್ಕಿದ್ದು 1997ರಲ್ಲಿ, ಅಂದ್ರೆ 36 ವರ್ಷ ಕದ್ದುಮುಚ್ಚಿ. ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಂತೂ 2006ರ ತನಕ ಕಾನೂನುಬದ್ಧ ಆಗಿರಲಿಲ್ಲ. ಬಾಗಿಲು ಮುಚ್ಚಿದಾಗ ಕೆಲಸ ನಿಲ್ಲಲಿಲ್ಲ, ಮನೆ ಹಿಂದಿನ ಕೋಣೆಗೆ ಹೋಯ್ತು, ಅಲ್ಲಿಗೆ ಹೋಗೋ ಧೈರ್ಯ ಇದ್ದವರ ಕಲೆ ಆಯ್ತು.

ಇನ್ನೊಂದು ವಿಷಯ, ಇದು ನನಗೆ ಗೊತ್ತಾದಾಗ ತಲೆ ಒಂದು ಕ್ಷಣ ತಿರುಗಿಹೋಯ್ತು. ವ್ಯಾಪಾರ ಅನ್ನೋದು ಹೊಸದಲ್ಲ. ಸ್ಯಾಮ್ಯುಯೆಲ್ ಓ'ರೈಲಿ ಅನ್ನೋನು 1891ರಲ್ಲಿ ನ್ಯೂಯಾರ್ಕಿನಲ್ಲಿ ಕರೆಂಟ್ ಟ್ಯಾಟೂ ಮಶೀನಿಗೆ ಪೇಟೆಂಟ್ ತಗೊಂಡ, ಕಾಗದದ ನಕಲು ತೆಗೆಯೋಕೆ ಅಂತ ಎಡಿಸನ್ ಮಾಡಿದ್ದ ಎಲೆಕ್ಟ್ರಿಕ್ ಪೆನ್ನಿನ ಮೇಲೆ ಕಟ್ಟಿದ್ದು ಅದು. ಕೈಯಲ್ಲಿ ಚುಚ್ಚೋವಾಗ ಗಂಟೆಗಟ್ಟಲೆ ಹಿಡಿತಿದ್ದ ಕೆಲಸ ನಿಮಿಷಗಳಿಗೆ ಇಳೀತು. ಆಗ ಬಂದಿದ್ದೇ ಫ್ಲ್ಯಾಶ್ ಹಾಳೆಗಳ ಕಾಲ, ಅಂದ್ರೆ ಗೋಡೆ ಮೇಲೆ ರೆಡಿ ಡಿಸೈನ್, ಬೆರಳು ತೋರ್ಸು, ಕೂತ್ಕೋ, ದುಡ್ಡು ಕೊಡು, ಎದ್ದೋಗು. ಹಡಗಿನಿಂದ ಒಂದು ದಿನದ ರಜೆ ಮೇಲೆ ಇಳಿದ ಹುಡುಗನಿಗೆ ಸಮಯ ಎಲ್ಲಿದೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಹೊನೊಲುಲುವಿನ ಹೋಟೆಲ್ ಸ್ಟ್ರೀಟಿನಲ್ಲಿ ನಾವಿಕರು ಸಾಲುಗಟ್ಟಿ ನಿಲ್ತಿದ್ರು, ಸೇಲರ್ ಜೆರ್ರಿ ಅಂತ ಹೆಸರಾದ ನಾರ್ಮನ್ ಕಾಲಿನ್ಸ್ ಕೆಲಸ ಮಾಡ್ತಿದ್ದಿದ್ದೂ ಅದೇ ಬೀದೀಲಿ. ಅಂದ್ರೆ ನಾವೀಗ ಬೇರು, ಮೂಲ, ಅಸಲಿ ಅಂತ ಹೇಳೋ ಬೀದಿ ಅಂಗಡಿ ರೆಡಿಮೇಡ್ ಮಾಲಿನ ಅಂಗಡಿನೇ ಆಗಿತ್ತು.

ನಿಮಗೋಸ್ಕರ ಅಂತಾನೇ ಹೊಸದಾಗಿ ಬಿಡಿಸಿ ಕೊಡೋದು ಸಾಮಾನ್ಯ ಆಗಿದ್ದು ತುಂಬಾ ಆಮೇಲೆ. ಎಡ್ ಹಾರ್ಡಿ ಅನ್ನೋ ಕಲಾವಿದ 1973ರಲ್ಲಿ ಜಪಾನಿಗೆ ಹೋಗಿ ಹೊರಿಹಿಡೆ ಅನ್ನೋ ಗುರು ಹತ್ರ ಕೆಲಸ ಮಾಡಿ ಬಂದು, 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಪಾಯಿಂಟ್‌ಮೆಂಟ್ ಮೇಲೆ ಮಾತ್ರ, ಗಿರಾಕಿಗೊಂದೊಂದು ಹೊಸ ಡಿಸೈನ್ ಅನ್ನೋ ಸ್ಟುಡಿಯೋ ತೆಗೆದ. ಅದೇ ಹಾರ್ಡಿಯ ಹೆಸರು 2000ದ ದಶಕದಲ್ಲಿ ಟೀ ಶರ್ಟ್, ಟೋಪಿಗಳ ಮೇಲೆ ಬಂತು, ಕಾಲಿನ್ಸ್ ತೀರಿಕೊಂಡ ಎಷ್ಟೋ ವರ್ಷಕ್ಕೆ ಅವನ ಅಡ್ಡಹೆಸರು ರಮ್ ಬಾಟ್ಲಿ ಮೇಲೆ ಬಂತು. ಹಾಗಾಗಿ ಮೂಲದ ಕಡೆ ಹೋಗ್ಲಾ ವ್ಯಾಪಾರದ ಕಡೆ ಹೋಗ್ಲಾ ಅಂತ ಕೇಳ್ಕೊಂಡ್ರೆ ದಾರಿ ತಪ್ಪುತ್ತೆ. ಕೇಳ್ಕೋಬೇಕಾಗಿರೋದು, ಈ ಗೆರೆ ಇಪ್ಪತ್ತು ವರ್ಷ ಆದ್ಮೇಲೆ ಹೇಗಿರತ್ತೆ ಅಂತ ಕಣ್ಣಾರೆ ನೋಡಿರೋರು ಯಾರು, ಆಗ ನನ್ನ ಎದುರಿಗೆ ನಿಂತು ಇದು ನನ್ನ ಕೆಲಸ ಅಂತ ಹೇಳೋರು ಯಾರು ಅನ್ನೋದು.

ಬೀದಿ ಅಂಗಡಿ

ಹಕ್ಕಿ ಹಾಕಿದ ಆ ಮನುಷ್ಯ ಕೈಯನ್ನ ಟೇಬಲ್ ಮೇಲೆ ಇಡೋಕೆ ಬಿಡಲಿಲ್ಲ. ನಿಂತ್ಕೊಳ್ಳಿ, ಕೈ ಸುಮ್ನೆ ಇಳಿಬಿಡಿ, ಬಸ್ಸಿಗೆ ಕಾಯ್ತಿದೀರಿ ಅನ್ಕೊಳ್ಳಿ ಅಂದ. ಹೊಸ ರೇಜರಿನಿಂದ ಕೂದಲು ತೆಗೆದು, ಒರೆಸಿ, ನೇರಳೆ ಬಣ್ಣದ ಸ್ಟೆನ್ಸಿಲ್, ಅಂದ್ರೆ ಚಿತ್ರದ ಅಚ್ಚು, ಅಂಟಿಸಿದ, ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದ, ಅಳಿಸಿದ, ಒಂದು ಬೆರಳು ಮೇಲಕ್ಕೆ ಮತ್ತೆ ಅಂಟಿಸಿದ, ಮತ್ತೆ ಅಳಿಸಿದ. ಮೂರನೇ ಸಲಕ್ಕೆ ಒಪ್ಕೊಂಡ. ಮುಂಗೈ ಮೂಳೆ ತಿರುಗಿದ ಹಾಗೆ ಚರ್ಮಾನೂ ತಿರುಗತ್ತೆ, ಟೇಬಲ್ ಮೇಲೆ ನೇರ ಕಾಣೋ ಹಕ್ಕಿ ಕೈ ಇಳಿಬಿಟ್ಟಾಗ ಸೊಟ್ಟ ಆಗತ್ತೆ ಅಂತ ಆಮೇಲೆ ಹೇಳಿದ. ಚುಚ್ಚೋಕೆ ಹಿಡಿದಿದ್ದು 50 ನಿಮಿಷ, ಅದಕ್ಕೆ ಮುಂಚೆ ಬರೀ ಜಾಗ ಗೊತ್ತು ಮಾಡೋಕೆ 20 ನಿಮಿಷ.

ಈ ಥರದ ಅಂಗಡಿಯಿಂದ ಸಿಗೋದು ಇದೇನೇ. ಅದೇ ಗುಲಾಬಿ, ಅದೇ ಲಂಗರು, ಅದೇ ಕಠಾರಿಯನ್ನ ಸಾವಿರ ಚರ್ಮದ ಮೇಲೆ ಹಾಕಿರ್ತಾರೆ, ಹಾಕಿಸ್ಕೊಂಡವರು ಹತ್ತು ವರ್ಷ ಬಿಟ್ಟು ಇನ್ನೊಂದಕ್ಕೆ ಬಂದಿರ್ತಾರೆ, ಹಳೇದು ಹೇಗಾಗಿದೆ ಅಂತ ಕಣ್ಣಿಗೆ ಬಿದ್ದಿರತ್ತೆ. ದಪ್ಪ ಗೆರೆ, ಸಾಕಷ್ಟು ಕಪ್ಪು, ನಡುವೆ ಖಾಲಿ ಚರ್ಮ, ಈ ಮೂರು ನಿಯಮ ಹುಟ್ಟಿದ್ದು ಹಾಗೆ. ಗೆರೆ ದಪ್ಪ ಇದ್ರೆ ನಿಲ್ಲತ್ತೆ ಅಂತ ಕಸುಬಿನವರು ಈಗ್ಲೂ ಹೇಳ್ತಾರೆ.

ಕೊರತೆನೂ ಇದೆ. ಆಯ್ಕೆ ಕಮ್ಮಿ. ನಿಮ್ಮ ಅಜ್ಜಿ ಮುಖ ಬಿಡಿಸ್ಕೊಡಿ ಅಂದ್ರೆ ಒಳ್ಳೇ ಬೀದಿ ಅಂಗಡಿಯವರು ನಾನು ಮಾಡಲ್ಲ ಅಂತ ನೇರವಾಗಿ ಹೇಳ್ತಾರೆ, ಕೆಟ್ಟವರು ಮಾಡ್ತೀನಿ ಅಂತಾರೆ. ಶಿಷ್ಯವೃತ್ತಿ ಅನ್ನೋದು ವರ್ಷಗಟ್ಟಲೆ ನೆಲ ಒರೆಸಿ, ಸೂಜಿ ಬೆಸುಗೆ ಹಾಕಿ, ಬೈಸ್ಕೊಂಡು ಕಲಿಯೋದಾಗಿತ್ತು, ಅದರಿಂದ ಕೈ ಪಳಗ್ತಿತ್ತು ನಿಜ, ಆದ್ರೆ ಅದೇ ಬಾಗಿಲು ಹೆಂಗಸರನ್ನ, ತಮ್ಮ ಗುಂಪಿನವರಲ್ಲದವರನ್ನ ಹೊರಗೇ ನಿಲ್ಲಿಸ್ತು. ಹೊರಗಿನವರ ಕಲೆ ಅಂತ ಹೇಳ್ಕೊಂಡವರೇ ಇನ್ನೊಬ್ಬರನ್ನ ಹೊರಗಿಟ್ರು, ಇದನ್ನ ಮರೆತು ಹಳೇ ಕಾಲ ಹೊಗಳೋಕೆ ನನಗೆ ಮನಸ್ಸು ಬರಲ್ಲ.

ಹೊಸ ಸ್ಟುಡಿಯೋ

2005ರಲ್ಲಿ ಮಯಾಮಿಯ ಒಂದು ಟ್ಯಾಟೂ ಅಂಗಡಿ ಬಗ್ಗೆ ಅಮೆರಿಕದ ಟೀವೀಲಿ ರಿಯಾಲಿಟಿ ಶೋ ಶುರುವಾಯ್ತು, ಎರಡು ವರ್ಷಕ್ಕೆ ಲಾಸ್ ಏಂಜಲೀಸಿನದ್ದು ಬಂತು. ಆಮೇಲೆ ಫೋನಿನ ಫೋಟೋಗಳ ಕಾಲ. ಪ್ಯೂ ಅನ್ನೋ ಸಂಶೋಧನಾ ಸಂಸ್ಥೆ 2023ರಲ್ಲಿ ಮಾಡಿದ ಸರ್ವೆ ಪ್ರಕಾರ ಅಮೆರಿಕದ ವಯಸ್ಕರಲ್ಲಿ ನೂರಕ್ಕೆ 32 ಜನಕ್ಕೆ ಟ್ಯಾಟೂ ಇದೆ, ಹಾಕಿಸ್ಕೊಂಡವರಲ್ಲಿ ನೂರಕ್ಕೆ 24 ಜನ ಒಂದಾದ್ರೂ ಟ್ಯಾಟೂ ಬಗ್ಗೆ ಪಶ್ಚಾತ್ತಾಪ ಪಡ್ತಾರೆ. ಅಂದ್ರೆ ಮುಕ್ಕಾಲು ಪಾಲು ಜನ ನೆಮ್ಮದಿಯಾಗೇ ಇದಾರೆ. ಸೇನೆಯಂಥ ಕಟ್ಟುನಿಟ್ಟಿನ ಕಡೆನೂ ಬಿಗಿ ಸಡಿಲ ಆಗಿದೆ, 2022ರಲ್ಲಿ ಅಮೆರಿಕದ ಭೂಸೇನೆ ಒಂದೊಂದು ಹಸ್ತದ ಮೇಲೆ ಒಂದು ಇಂಚಿನೊಳಗಿನ ಒಂದು ಟ್ಯಾಟೂಗೆ ಒಪ್ಪಿಗೆ ಕೊಡ್ತು. ಜಪಾನಿನಲ್ಲಿ ಟ್ಯಾಟೂ ಹಾಕೋಕೆ ಡಾಕ್ಟರ್ ಲೈಸೆನ್ಸ್ ಬೇಕಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳ್ತು.

ಟೀವಿ ಶೋಗಳಿಂದ ಒಂದು ಅಭ್ಯಾಸ ಬಂತು, ಪ್ರತಿ ಟ್ಯಾಟೂ ಹಿಂದೆ ಕಣ್ಣೀರಿನ ಕಥೆ ಇರ್ಬೇಕು ಅನ್ನೋದು. ಇರ್ಬೇಕಾಗಿಲ್ಲ. ಹಕ್ಕಿ ನನಗೆ ಚೆನ್ನಾಗಿ ಕಾಣ್ತು, ಹಾಕಿಸ್ಕೊಂಡೆ, ಇವತ್ತಿಗೂ ಇಷ್ಟ. ಕಥೆ ಹುಡುಕ್ತಾ ಕೂತು ಕೊನೆಗೆ ಇಷ್ಟ ಇಲ್ಲದ ಚಿತ್ರ ಹಾಕಿಸ್ಕೊಂಡವರನ್ನ ನೋಡಿದೀನಿ.

ಹೊಸ ಕಾಲದ ದೊಡ್ಡ ಲಾಭ ಅಂದ್ರೆ ಸ್ವಚ್ಛತೆ, ಇದರಲ್ಲಿ ಎರಡು ಮಾತಿಲ್ಲ. ಹಿಂದೆ ಒಂದೇ ಬಕೆಟ್ಟು, ಒಂದೇ ಸ್ಪಂಜಿನಲ್ಲಿ ದಿನವಿಡೀ ಬಂದವರ ರಕ್ತ ಒರೆಸ್ತಿದ್ದ ಅಂಗಡಿಗಳಿದ್ವು. ಈಗ ಒಂದೇ ಸಲ ಬಳಸೋ ಸೂಜಿ ಕಾರ್ಟ್ರಿಜ್, ಗ್ಲವ್ಸ್, ಮತ್ತೆ ಬಳಸೋ ಉಕ್ಕಿನ ಸಾಮಾನಿದ್ರೆ 121 ಡಿಗ್ರಿ ಸೆಲ್ಸಿಯಸ್ ಹಬೇಲಿ ರೋಗಾಣು ಕೊಲ್ಲೋ ಆಟೋಕ್ಲೇವ್ ಪೆಟ್ಟಿಗೆ. ಇಂಕಿನ ಮೇಲೂ ಕಣ್ಣಿಟ್ಟಿದಾರೆ, ಯುರೋಪಿಯನ್ ಯೂನಿಯನ್ 2022ರ ಜನವರಿ 4ರಿಂದ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕ್ತು, ಬ್ಲೂ 15:3 ಮತ್ತು ಗ್ರೀನ್ 7 ಅನ್ನೋ ಎರಡು ಪಿಗ್ಮೆಂಟಿಗೆ, ಅಂದ್ರೆ ಇಂಕಿನ ಬಣ್ಣದ ಪುಡಿಗೆ, ಬದಲಿ ಹುಡುಕೋಕೆ ಅಂತ ಇನ್ನೊಂದು ವರ್ಷ ಟೈಮ್ ಕೊಡ್ತು. ಆದ್ರೂ ಸ್ಟುಡಿಯೋ ಹೊಳೀತಿದೆ ಅಂದ್ರೆ ಸಾಕು ಅಂತ ಅಲ್ಲ. 2011-12ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ 19 ಜನಕ್ಕೆ ಚರ್ಮದ ಸೋಂಕು ಬಂದಾಗ ತಪ್ಪು ಇದ್ದಿದ್ದು ಬಾಟ್ಲೀಲಿ ಮೊದಲೇ ಬೆರೆಸಿ ಬಂದಿದ್ದ ಬೂದು ಇಂಕಿನಲ್ಲಿ, ಅಂಗಡೀಲಿ ಅಲ್ಲ. ಹಾಗಾಗಿ ಇಂಕಿನ ಬ್ರ್ಯಾಂಡು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಡೇಟ್ ಕೇಳಿ, ಫೋಟೋ ತೆಗೆದಿಟ್ಕೊಳ್ಳಿ, ಒಳ್ಳೆಯವರು ಸಂತೋಷವಾಗೇ ತೋರಿಸ್ತಾರೆ.

ಇನ್ನೊಂದು ಲಾಭ ವಿಶೇಷ ಪರಿಣತಿ. ಬರೀ ಮುಖ ಬಿಡಿಸೋರು, ಬರೀ ಚುಕ್ಕೆಲಿ ಕೆಲಸ ಮಾಡೋರು, ಗಾಯದ ಗುರುತು ಮುಚ್ಚೋರು, ಕ್ಯಾನ್ಸರ್ ಆಪರೇಷನ್ ಆದವರಿಗೆ ಮೊಲೆತೊಟ್ಟು ಬಿಡಿಸೋರು. ಈ ಕೊನೇದನ್ನ ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ, ದೂರದಿಂದ ಉಬ್ಬಿರೋ ಹಾಗೆ ಕಾಣತ್ತೆ, ಮುಟ್ಟಿದ್ರೆ ಚಪ್ಪಟೆ. ಟ್ಯಾಟೂ ಸಮಾಜದ ಅಂಚಿನಲ್ಲೇ ಉಳಿದಿದ್ರೆ ಇಂಥ ಕೆಲಸ ಇಷ್ಟು ಜನಕ್ಕೆ ಸಿಕ್ತಿರಲಿಲ್ಲ.

ನಷ್ಟ ಏನು ಅಂದ್ರೆ ಫೋಟೋ. ಟ್ಯಾಟೂ ಮುಗಿದ ಹತ್ತು ನಿಮಿಷಕ್ಕೆ ತೆಗೆದ ಫೋಟೋನೇ ಜಾಹೀರಾತು. ಆಗ ಎಂಥ ಗೆರೆನೂ ಚೂಪಾಗೇ ಕಾಣತ್ತೆ. ನನ್ನ ಬಳ್ಳಿ ಮುಗಿದ ಕೂಡ್ಲೇ ಕೈಯನ್ನ ಲೈಟ್ ಕೆಳಗಿಟ್ಟು ಹತ್ತಾರು ಫೋಟೋ ತೆಗೆದ್ರು, ಅಷ್ಟರಲ್ಲಿ ಮುಂದಿನ ಗಿರಾಕಿ ಬಂದು ಕೂತಾಗಿತ್ತು. ಎಂಟು ತಿಂಗಳಿಗೆ ಗೆರೆ ಹರಡೋಕೆ ಶುರುವಾದಾಗ ಮೆಸೇಜ್ ಮಾಡಿದೆ, ಬಿಸಿಲಿಗೆ ಹೋಗ್ಬಾರ್ದಿತ್ತು ಅಂತ ಒಂದು ಸಾಲಿನ ಉತ್ತರ ಬಂತು. ಹಾಕಿದವರು ಅಷ್ಟರಲ್ಲಿ ಆ ಸ್ಟುಡಿಯೋ ಬಿಟ್ಟಿದ್ರು.

ಗೆರೆ ಯಾಕೆ ಹರಡತ್ತೆ

ಇದನ್ನ ತಿಳ್ಕೊಂಡ್ರೆ ಅರ್ಧ ನಿರ್ಧಾರ ತಾನಾಗೇ ಆಗತ್ತೆ. ಸೂಜಿ ಇಂಕನ್ನ ಚರ್ಮದ ಮೇಲ್ಪದರ ದಾಟಿಸಿ ಒಳಗಿನ ಡರ್ಮಿಸ್ ಅನ್ನೋ ಪದರದಲ್ಲಿ ಬಿಡತ್ತೆ, ಒಂದರಿಂದ ಎರಡು ಮಿಲಿಮೀಟರ್ ಆಳ. ಕಮ್ಮಿ ಆದ್ರೆ ಸಿಪ್ಪೆ ಜೊತೆ ಉದುರತ್ತೆ, ಜಾಸ್ತಿ ಆದ್ರೆ ಕೆಳಗಿನ ಕೊಬ್ಬಿಗೆ ಹೋಗಿ ಗೆರೆ ಸುತ್ತ ನೀಲಿ ನೆರಳು ಬರತ್ತೆ, ಇದನ್ನ ಬ್ಲೋಔಟ್ ಅಂತಾರೆ. ದೇಹಕ್ಕೆ ಇಂಕು ಅಂದ್ರೆ ಹೊರಗಿನ ಕಸ, ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶಗಳು ಬಂದು ನುಂಗತ್ವೆ, ಆದ್ರೆ ಜೀರ್ಣ ಮಾಡ್ಕೊಳ್ಳೋಕಾಗಲ್ಲ, ಹಾಗೇ ಹಿಡ್ಕೊಂಡು ಕೂತ್ಕೋತವೆ. ಆ ಕೋಶ ಸತ್ತಾಗ ಇಂಕು ಹೊರಗೆ ಬೀಳತ್ತೆ, ಪಕ್ಕದ ಇನ್ನೊಂದು ಕೋಶ ಎತ್ಕೊಳತ್ತೆ, 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನ ತೋರಿಸಿದ್ರು. ಅಂದ್ರೆ ಟ್ಯಾಟೂ ಅನ್ನೋದು ಕಲ್ಲಲ್ಲಿ ಕೊರೆದಿದ್ದಲ್ಲ, ಒಂದು ತಲೆಮಾರಿನ ಕೋಶ ಇನ್ನೊಂದಕ್ಕೆ ಕೈದಾಟಿಸ್ತಾ ಇರೋ ಚಿತ್ರ. ಕಾಲ ಕಳೆದಂತೆ ಒಂದು ಸ್ವಲ್ಪ ಆ ಕಡೆ ಈ ಕಡೆ ಆಗೇ ಆಗತ್ತೆ. ದಪ್ಪ ಗೆರೆ ಕೂದಲೆಳೆಯಷ್ಟು ಹರಡಿದ್ರೆ ಯಾರಿಗೂ ಗೊತ್ತಾಗಲ್ಲ, ಕೂದಲೆಳೆ ಗೆರೆ ಕೂದಲೆಳೆಯಷ್ಟು ಹರಡಿದ್ರೆ ಎರಡರಷ್ಟಾಯ್ತು. ಸಣ್ಣ ಅಕ್ಷರಗಳಲ್ಲಿ ಇದು ತುಂಬಾ ಬೇಗ ಕಾಣತ್ತೆ, ಗುಂಡಗಿರೋ ಅಕ್ಷರದ ಹೊಟ್ಟೆ ಮುಚ್ಚಿಹೋಗತ್ತೆ, ಒತ್ತಕ್ಷರ ಒಂದು ಮಚ್ಚೆ ಥರ ಆಗತ್ತೆ. ಬೆರಳಿನ ಪಕ್ಕ, ಅಂಗೈ, ಪಾದದ ಅಂಚಿನಲ್ಲಂತೂ ಚರ್ಮ ಸವೆಯೋದೇ ಜಾಸ್ತಿ.

ಹಾಗಾದ್ರೆ ತೆಳು ಗೆರೆ ತಪ್ಪಾ? ಅಲ್ಲ. ಇವತ್ತು ಅತಿ ನಾಜೂಕು, ಅತಿ ಮಾಡರ್ನ್ ಅಂತ ಮಾರಾಟ ಆಗ್ತಿರೋ ಈ ತೆಳು ಗೆರೆ ಬಂದಿದ್ದು ಜೈಲಿಂದ. ಕ್ಯಾಲಿಫೋರ್ನಿಯಾದ ಜೈಲುಗಳಲ್ಲಿ ಚಿಕಾನೋ, ಅಂದ್ರೆ ಮೆಕ್ಸಿಕೋ ಮೂಲದ ಅಮೆರಿಕನ್ ಹುಡುಗರು ಕ್ಯಾಸೆಟ್ ಪ್ಲೇಯರಿನ ಮೋಟಾರು, ಗಿಟಾರಿನ ತಂತಿ ಸೇರಿಸಿ ಮಶೀನ್ ಮಾಡ್ಕೋತಿದ್ರು, ಎಣ್ಣೆ ಸುಟ್ಟ ಮಸಿಯಿಂದ ಇಂಕು. ಇದ್ದಿದ್ದು ಒಂದೇ ಸೂಜಿ, ಒಂದೇ ಬಣ್ಣ, ಅದಕ್ಕೇ ತೆಳು ಗೆರೆ, ಅದಕ್ಕೇ ಕಪ್ಪು ಬೂದು. 1975ರಲ್ಲಿ ಪೂರ್ವ ಲಾಸ್ ಏಂಜಲೀಸಿನಲ್ಲಿ ಚಾರ್ಲಿ ಕಾರ್ಟ್‌ರೈಟ್ ಮತ್ತು ಜ್ಯಾಕ್ ರೂಡಿ 'ಗುಡ್ ಟೈಮ್ ಚಾರ್ಲೀಸ್ ಟ್ಯಾಟೂಲ್ಯಾಂಡ್' ತೆಗೆದು ಈ ಶೈಲಿಯನ್ನ ಅಂಗಡಿಗೆ ತಂದ್ರು, ಬಂಧನದಲ್ಲಿದ್ದಾಗಲೇ ಕೈ ಪಳಗಿಸಿಕೊಂಡಿದ್ದ ಫ್ರೆಡ್ಡಿ ನೆಗ್ರೆಟೆ ಆಮೇಲೆ ಸೇರ್ಕೊಂಡ. ಆ ಶೈಲಿಯ ಒಳ್ಳೇ ಕೆಲಸ ನೋಡಿ, ತೆಳು ಗೆರೆ ಇದ್ರೂ ಚಿತ್ರ ದೊಡ್ಡದು, ನೆರಳು ಗಾಢ, ನಡುವೆ ಉಸಿರಾಡೋಕೆ ಜಾಗ. ಈಗ ಬರೀ ಗೆರೆನ ತಗೊಂಡು ದೊಡ್ಡ ಜಾಗ, ಗಾಢ ನೆರಳು ಎರಡನ್ನೂ ಬಿಟ್ಟು ಹೆಬ್ಬೆರಳಿನ ಉಗುರಷ್ಟು ಜಾಗದಲ್ಲಿ ತೋಟಾನೇ ಬಿಡಿಸ್ತಾರೆ. ನನ್ನ ಬಳ್ಳಿ ಕೆಟ್ಟಿದ್ದು ಹಾಗೇನೇ.

ಸಂಪ್ರದಾಯದ ಕೈಹಚ್ಚೆ

ಮಶೀನೇ ಬೇಡ, ಕೈಯಲ್ಲಿ ಚುಚ್ಚಿಸ್ಕೋಬೇಕು ಅನ್ನೋರಿಗೆ ಎರಡು ದಾರಿ. ಸ್ಟುಡಿಯೋದಲ್ಲೇ ಸೂಜಿ ಕೈಲಿ ಹಿಡಿದು ಚುಚ್ಚೋ ಹ್ಯಾಂಡ್‌ಪೋಕ್ ಒಂದು, ಅದಕ್ಕೆ ಮೇಲೆ ಹೇಳಿದ ನಿಯಮಗಳೇ. ಇನ್ನೊಂದು, ಒಂದು ಜನಾಂಗದ ಜೀವಂತ ಸಂಪ್ರದಾಯ. ಇಲ್ಲಿ ನೀವು ಗಿರಾಕಿ ಅಲ್ಲ, ಅತಿಥಿ. ಸಮೋವಾದ 'ಪೆಯಾ' ಸೊಂಟದಿಂದ ಮೊಣಕಾಲವರೆಗೂ ಬರತ್ತೆ, ಬಾಚಣಿಗೆ ಥರದ ಸಾಧನಾನ ಕೋಲಿನಿಂದ ತಟ್ಟಿ ತಟ್ಟಿ ಹಾಕ್ತಾರೆ, ನೋವು ತಡೀಲಾರದೆ ಮಧ್ಯದಲ್ಲಿ ನಿಲ್ಲಿಸಿದ್ರೆ ಅದು ಮನೆತನಕ್ಕೇ ಅವಮಾನ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ 'ಮೋಕೋ' ವಂಶಾವಳಿ ಹೇಳೋ ಗುರುತು, ಹೊರಗಿನವರಿಗೆ ಅಂತ 'ಕಿರಿತುಹಿ' ಅನ್ನೋ ಬೇರೆ ಹೆಸರೇ ಇದೆ. ಮೋಕೋ ಫೋಟೋ ತೋರಿಸಿ ಇದೇ ಥರ ಹಾಕಿ ಅನ್ನೋದು ಬೇರೆಯವರ ಮನೆ ಹೆಸರನ್ನ ನಮ್ಮ ಬಾಗಿಲಿಗೆ ಹಾಕ್ಕೊಂಡ ಹಾಗೆ.

ಆದ್ರೆ ಹೊರಗಿನ ಜನ ಬಂದಿದ್ದರಿಂದಲೇ ಉಳಿದಿದ್ದೂ ಇದೆ. ಫಿಲಿಪೀನ್ಸಿನ ಕಾಲಿಂಗ ಬೆಟ್ಟದ ಬುಸ್ಕಲನ್ ಹಳ್ಳಿಯ ವಾಂಗ್-ಒಡ್ ಅಜ್ಜಿ ಮುಳ್ಳಿಗೆ ಮಸಿ ಅದ್ದಿ ಕೋಲಿನಿಂದ ತಟ್ಟಿ ಹಚ್ಚೆ ಹಾಕೋರು, ಒಂದು ಕಾಲದಲ್ಲಿ ಯುದ್ಧ ಗೆದ್ದ ವೀರರಿಗೆ ಹಾಕ್ತಿದ್ದಿದ್ದು. ಆ ಕಾಲ ಮುಗಿದ್ಮೇಲೆ ಹಳ್ಳೀಲಿ ಹಾಕಿಸ್ಕೊಳ್ಳೋರು ಕಮ್ಮಿ ಆದ್ರು, ದೂರದಿಂದ ಪ್ರವಾಸಿಗಳು ಬರೋಕೆ ಶುರು ಮಾಡಿದ್ರು, ಅಜ್ಜಿಯ ಒಡಹುಟ್ಟಿದವರ ಮೊಮ್ಮಕ್ಕಳ ಸಾಲಿನ ಹುಡುಗಿಯರು ಕಲಿತ್ರು. 2023ರ ಏಪ್ರಿಲ್‌ನಲ್ಲಿ 106ನೇ ವಯಸ್ಸಲ್ಲಿ ಅವರ ಫೋಟೋ ವೋಗ್ ಫಿಲಿಪೀನ್ಸ್ ಪತ್ರಿಕೆಯ ಮುಖಪುಟಕ್ಕೆ ಬಂತು. ಮಾರುಕಟ್ಟೆ ಬಂದ್ರೆ ಸಂಪ್ರದಾಯ ಸಾಯತ್ತೆ ಅಂತ ಕಣ್ಣು ಮುಚ್ಚಿ ಹೇಳೋರು ಇದನ್ನ ಒಂದ್ಸಲ ನೋಡ್ಬೇಕು.

ಗಳಿಸಬೇಕಾದ ಗುರುತುಗಳು

ಜೈಲಿನ ಗುರುತುಗಳ ವಿಷಯ ಬೇರೆ. ರಷ್ಯಾದ ಕಳ್ಳರ ಲೋಕದಲ್ಲಿ ಮೊಣಕಾಲ ಮೇಲಿನ ನಕ್ಷತ್ರಕ್ಕೆ ನಾನು ಯಾರ ಮುಂದೇನೂ ಮಂಡಿ ಊರಲ್ಲ ಅನ್ನೋ ಅರ್ಥ, ಚರ್ಚಿನ ಗುಮ್ಮಟಗಳ ಲೆಕ್ಕ ಅಂದ್ರೆ ಎಷ್ಟು ಸಲ ಜೈಲಿಗೆ ಹೋದ ಅನ್ನೋ ಲೆಕ್ಕ. ಅರ್ಹತೆ ಇಲ್ಲದೆ ಹಾಕಿಸ್ಕೊಂಡವನ ಚರ್ಮಾನೇ ಕೆರೆದು ತೆಗೀತಿದ್ರು. ಕಣ್ಣೀರ ಹನಿ, ಕೈ ಮೇಲಿನ ಮೂರು ಚುಕ್ಕೆ, ಮೊಣಕೈ ಜೇಡರ ಬಲೆ, ಇವೆಲ್ಲಾ ಈಗ ಫ್ಯಾಷನ್ ಡಿಸೈನ್ ಪಟ್ಟೀಲಿ ಆರಾಮಾಗಿ ಕೂತಿವೆ. ನನ್ನ ಅಭಿಪ್ರಾಯ ಸ್ಪಷ್ಟ, ಯಾರೋ ವರ್ಷಗಟ್ಟಲೆ ಜೀವ ತೆತ್ತು ಹೊತ್ಕೊಂಡಿರೋ ಗುರುತನ್ನ ಅಲಂಕಾರಕ್ಕೆ ಹಾಕಿಸ್ಕೋಬೇಡಿ. ಸ್ವಾಲೋ, ಲಂಗರು, ಗುಲಾಬಿ ಥರದ ಫ್ಲ್ಯಾಶ್ ಹಾಗಲ್ಲ, ಅವು ಗೋಡೆ ಮೇಲೆ ಎಲ್ಲರಿಗೂ ಅಂತಾನೇ ಹಾಕಿದ್ದು.

ಮನೇಲಿ ಕಿಟ್ ತರಿಸಿ ಫ್ರೆಂಡ್ ಕೈಲಿ ಹಾಕಿಸ್ಕೊಳ್ಳೋದು ಇನ್ನೊಂದು ಆಯ್ಕೆ ಅಂತ ಕೆಲವರು ಹೇಳ್ತಾರೆ, ಅದೇ ಅಸಲಿ ಹಳೇ ಸ್ಪಿರಿಟ್ ಅಂತಾನೂ. ಬೇಡ. ಜೈಲಲ್ಲಿದ್ದವರಿಗೆ ಬೇರೆ ದಾರಿ ಇರಲಿಲ್ಲ, ನಿಮಗಿದೆ.

ಯಾರಿಗೆ ಯಾವುದು

ಮೊದಲ ಟ್ಯಾಟೂ, ಚಿತ್ರ ಸರಳ, ಮೂವತ್ತು ವರ್ಷ ಬಾಳಿಕೆ ಬರ್ಬೇಕು ಅಂದ್ರೆ ನಾನು ಕಣ್ಣು ಮುಚ್ಚಿ ಹಳೇ ಥರದ ಬೀದಿ ಅಂಗಡಿ ಅಂತೀನಿ, ಆದ್ರೆ ಹೊಸ ಥರದ ಸ್ವಚ್ಛತೆ ಇರೋದು. ಸೂಜಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರೀಬೇಕು, ಇಂಕನ್ನ ಪುಟ್ಟ ಕಪ್ಪಿಗೆ ಸುರಿದು ಉಳಿದಿದ್ದನ್ನ ಬಿಸಾಕ್ಬೇಕು, ಆಟೋಕ್ಲೇವ್ ಇದ್ರೆ ಅದರ ಟೆಸ್ಟ್ ರಿಪೋರ್ಟ್ ಕೇಳಿದ್ರೆ ಮುಖ ಸಿಂಡರಿಸಬಾರ್ದು. ಮುಖಚಿತ್ರ, ದೊಡ್ಡ ಬೆನ್ನಿನ ಕೆಲಸ, ಗಾಯ ಮುಚ್ಚೋದು, ಹಳೇ ಟ್ಯಾಟೂ ಮೇಲೆ ಹೊಸದು ಅಂದ್ರೆ ಅದೇ ಕೆಲಸದಲ್ಲಿ ಹೆಸರು ಮಾಡಿರೋ ಸ್ಟುಡಿಯೋಗೆ ಹೋಗಿ, ತಿಂಗಳುಗಟ್ಟಲೆ ಕಾಯ್ಬೇಕಾದ್ರೂ ಕಾಯಿರಿ. ತೆಳು ಗೆರೆನೇ ಬೇಕು ಅಂದ್ರೆ ಹಾಕಿಸ್ಕೊಳ್ಳಿ, ಆದ್ರೆ ಅವರು ಹಾಕಿದ ಕನಿಷ್ಠ ಎರಡು ಮೂರು ವರ್ಷ ಹಳೇ ಕೆಲಸದ ಫೋಟೋ ತೋರಿಸಿ ಅಂತ ಕೇಳಿ. ಇಲ್ಲ ಅಂದ್ರೆ ಎದ್ದು ಬನ್ನಿ, ಮುಂಗಡ ಹೋದ್ರೂ ಪರವಾಗಿಲ್ಲ, ಲೇಸರ್‌ನಲ್ಲಿ ತೆಗೆಸೋಕೆ ಕೂತ್ರೆ ಆರು, ಎಂಟು, ಹತ್ತು ಸಲ, ಪ್ರತಿ ಸಲದ ನಡುವೆ ಆರೇಳು ವಾರ, ಕಪ್ಪು ಹೋದಷ್ಟು ಸುಲಭವಾಗಿ ಹಳದಿ, ಹಸಿರು ಹೋಗಲ್ಲ.

ಎಲ್ಲಿಗೇ ಹೋದ್ರೂ ಕೇಳಿ, ಯಾರ ಹತ್ರ ಕಲಿತ್ರಿ, ಎಷ್ಟು ವರ್ಷ ಆಯ್ತು, ಗೆರೆ ಮಾಸಿದ್ರೆ ಟಚಪ್ ಮಾಡ್ತೀರಾ. ಇಷ್ಟು ಚಿಕ್ಕದಾಗಿ ಬೇಡ, ಈ ಜಾಗದಲ್ಲಿ ಬೇಡ, ಇವತ್ತು ಬೇಡ ಅಂತ ಒಂದಾದ್ರೂ 'ಬೇಡ' ಹೇಳಿದವರನ್ನ ನಾನು ಜಾಸ್ತಿ ನಂಬ್ತೀನಿ.

ಬಳ್ಳಿ ವಿಷಯಕ್ಕೆ ಬಂದ್ರೆ, ಹೋದ ತಿಂಗಳು ಅದನ್ನ ಇಬ್ಬರಿಗೆ ತೋರಿಸಿದೆ. ಒಬ್ಬರು ಇವತ್ತೇ ಸರಿ ಮಾಡ್ತೀನಿ ಕೂತ್ಕೊಳ್ಳಿ ಅಂದ್ರು. ಹಕ್ಕಿ ಹಾಕಿದ ಆ ಮನುಷ್ಯ, ಈಗ ಕನ್ನಡಕ ಬಂದಿದೆ, ಮಣಿಕಟ್ಟನ್ನ ಕಿಟಕಿ ಬೆಳಕಿಗೆ ಹಿಡಿದು, ಚರ್ಮ ಎಳೆದು ಬಿಟ್ಟು ನೋಡಿ, ಪೆನ್ನಿನಲ್ಲಿ ಅದರ ಮೇಲೇ ಬಿಡಿಸಿದ. ಹನ್ನೊಂದು ಎಲೆ ಇದ್ದ ಜಾಗದಲ್ಲಿ ಐದೇ ಎಲೆ, ಗೆರೆ ಮೂರರಷ್ಟು ದಪ್ಪ. ಎರಡು ಲೇಸರ್ ಸಿಟ್ಟಿಂಗ್‌ನಲ್ಲಿ ಸ್ವಲ್ಪ ತೆಳು ಮಾಡಿಸ್ಕೊಂಡು ಬನ್ನಿ, ಆಮೇಲೆ ಮಾಡೋಣ ಅಂದ. ಮೊದಲನೇ ಲೇಸರ್ ಮುಂದಿನ ವಾರ ಇದೆ.